ಕೊನೆ ಸೀಟಿನ ಟ್ಯಾಕ್ಸಕ್ಕ

ಹುಂಚದಿಂದ ತೀರ್ಥಹಳ್ಳಿಗೆ ಹೊರಡುವ ಮೊದಲ ಬಸ್ಸಿಗೆ ಬೆಳಕಿಗಿಂತ ಮೊದಲು ಟ್ಯಾಕ್ಸು ಹತ್ತುತ್ತದೆ. ಸೂರ್ಯ ಇನ್ನೂ ಮುಖ ತೊಳೆಯುತ್ತಿರುತ್ತಾನೆ. ಕೂಗುವುದೋ ಬೇಡವೋ ಎಂದು ಕೋಳಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿರುತ್ತವೆ. ಅಷ್ಟರಲ್ಲೇ ಕೊನೆ ಸೀಟಿನಲ್ಲಿ ಜಿನಶ್ರೀ ಎಂಬ ನಲವತ್ತರ ಆಸುಪಾಸಿನ ಹೆಂಗಸು ಎದುರು ಸೀಟಿನ ಸರಳಿಗೆ ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಅದು ಅಲುಗದಂತೆ ತಲೆಯ ಕ್ಲಿಪ್ಪೊಂದನ್ನು ಕಿತ್ತು ಸಿಕ್ಕಿಸಿ, ಸೆರಗು ಸರಿಮಾಡಿಕೊಂಡು ಒಮ್ಮೆ ಕೆಮ್ಮುತ್ತಾರೆ. ಆ ಕೆಮ್ಮಿಗೆ ಇಡೀ ಬಸ್ಸು ಗಪ್‌ಚಿಪ್. ಡ್ರೈವರ್ ಭೂತಪ್ಪ ಹಾಡು ನಿಲ್ಲಿಸುತ್ತಾರೆ. ಎಂಜಿನ್ನು ಕೂಡ ಮೆತ್ತಗೆ ಉಸಿರಾಡತೊಡಗುತ್ತದೆ ಎಂದು ಕಂಡಕ್ಟರ್ ಪೂರ್ಣೇಶ್ ಆಣೆ ಇಟ್ಟು ಹೇಳುತ್ತಾರೆ.

"ಮಕ್ಕಳೇ, ಮೊದ್ಲನೇ ಸಂಬಳ ಬಂತು. ನೋಡಿದ್ರೆ ಹೇಳಿದ್ದಕ್ಕಿಂತ ಕಡಿಮೆ. ಯಾರೋ ಕದ್ರು ಅಂತ ಅಳಬೇಡಿ. ಅದು ಟಿಡಿಎಸ್ಸು. ಊಟಕ್ಕೆ ಕೂತಿದ್ದೀರಿ ಅಂತ ಇಟ್ಕೊಳ್ಳಿ. ನಿಮ್ಮ ಎಲೆಗೆ ಬರೋ ಮೊದ್ಲೇ ಒಂದು ಹೋಳಿಗೆ ತೆಗ್ದು ಒಳಗಿಟ್ರು. ವರ್ಷ ಮುಗಿದ ಮೇಲೆ ರಿಟರ್ನ್ ಹಾಕಿ ಲೆಕ್ಕ ತೋರಿಸಿದ್ರೆ, ಹೆಚ್ಚಿಗೆ ತೆಗ್ದಿದ್ದನ್ನ ವಾಪಸ್ ಬಡಿಸ್ತಾರೆ. ಕೇಳದೆ ಎದ್ದು ಕೈ ತೊಳೆದ್ರೆ ಹೋಳಿಗೆ ಅಲ್ಲೇ ಉಳೀತು."

"ಅಕ್ಕಾ, ತುಪ್ಪ?" ಎಂದು ಮುಂದಿನಿಂದ ಪೂರ್ಣೇಶ್ ಕೂಗುತ್ತಾರೆ.

"ತುಪ್ಪ ಅಂದ್ರೆ ಬಡ್ಡಿ. ವಾಪಸ್ ಕೊಡೋದು ತಡ ಆದ್ರೆ ಅದನ್ನೂ ಹಾಕ್ತಾರೆ. ನೀನು ಟಿಕೆಟ್ ಹರಿ ಮಾರಾಯ!"

ಬಸ್ಸು ನಗುತ್ತದೆ. ವಿಡಿಯೋ ಇನ್ನೂ ಓಡುತ್ತಿದೆ. ಕೆಲವು ತಿಂಗಳ ಹಿಂದೆ ಒಂದು ಸೋಮವಾರ ಸರಿಯಾಗಿ ಈ ನಗುವಿನ ನಡುವೆ ಮೊಬೈಲಿನ ನೆತ್ತಿಯ ಮೇಲೆ ಒಂದು ಸಂದೇಶ ಇಳಿಯುತ್ತದೆ. ಕಳಿಸಿದ್ದು ಸಿಂಚನಾ. ಜಿನಶ್ರೀಯವರ ದೊಡ್ಡಮ್ಮನ ಮಗಳು ವಿಜಯಲಕ್ಷ್ಮೀಯವರ ಒಬ್ಬಳೇ ಮಗಳು, ತೀರ್ಥಹಳ್ಳಿಯ ಪೀಜಿಯಲ್ಲಿದ್ದುಕೊಂಡು ಕೊನೆ ವರ್ಷದ ಬಿ.ಕಾಂ. ಓದುತ್ತಿರುವವಳು.

"ಚಿಕ್ಕಿ, ಜಿಎಸ್‌ಟಿಗೆ ಅಂತ ಹೆಬ್ಬೆಟ್ಟು ಕೊಟ್ರೆ ಆಮೇಲೆ ಬಿಡಿಸ್ಕೊಳ್ಳೋಕೆ ಬರ್ತದಾ?"

ಜಿನಶ್ರೀ ಓದಿ ಮುಗಿಸುವುದರೊಳಗೆ ಆ ಸಾಲು ಮಾಯ. ಅದಿದ್ದ ಜಾಗದಲ್ಲಿ, ಸಂದೇಶವನ್ನು ಅಳಿಸಲಾಗಿದೆ ಎಂಬ ಬೂದು ಅಕ್ಷರ. ಹೋಳಿಗೆಯ ಪಾಠ ಅರ್ಧಕ್ಕೇ ನಿಲ್ಲುತ್ತದೆ. ತಿರುಗಿ ಫೋನ್ ಮಾಡಬೇಕು ಎನ್ನುವಾಗ ಬಸ್ಸು ಬಲಕ್ಕೆ ಹೊರಳಿ ಕಾಡಿಗೆ ಇಳಿಯುತ್ತದೆ, ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಬಿದ್ದುಹೋಗುತ್ತವೆ.

ಮುಂದಿನ ಸಿಗ್ನಲ್ಲಿರುವುದು ದಿಬ್ಬದ ಕ್ರಾಸಿನಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಹುಟ್ಟಿ, ಬೆಳೆದು, ಪಿಂಚಣಿಗೆ ಅರ್ಜಿ ಹಾಕಬಹುದು. ಅಷ್ಟರೊಳಗೆ ಟ್ಯಾಕ್ಸಕ್ಕ ಯಾರೆಂದು ಹೇಳಿಬಿಡಬಹುದು.

ಜಿನಶ್ರೀ ತೀರ್ಥಹಳ್ಳಿಯ ತೆರಿಗೆ ಸಲಹೆಗಾರ ಶ್ರೀನಾಥ್ ಅವರ ಕಚೇರಿಗೆ ಟೈಪು ಮಾಡುವ ಕೆಲಸಕ್ಕೆ ಸೇರಿದವರು. ವಾರದಲ್ಲಿ ಒಂದು ದಿನ ಹೊಸನಗರ, ಒಂದು ದಿನ ಸಾಗರ, ಉಳಿದ ದಿನ ತೀರ್ಥಹಳ್ಳಿ. ಈ ಮೂರೂ ತಾಲ್ಲೂಕಿನ ಬಸ್ಸುಗಳ ಕೊನೆ ಸೀಟು ಅವರ ಸೀರೆಯ ಬಣ್ಣಕ್ಕೆ ತಿರುಗಿದೆ ಎಂಬುದು ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಬಹಳ ಅಲ್ಲ. ಪ್ರತಿ ವರ್ಷ ರಿಟರ್ನ್ ಹಾಕುವ ಹಂಗಾಮಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಬಂದು ಒಂದೇ ಪ್ರಶ್ನೆಯನ್ನು ಒಂದೇ ಧಾಟಿಯಲ್ಲಿ ಕೇಳುತ್ತಿದ್ದರಂತೆ. ಹೇಳಿ ಹೇಳಿ ಗಂಟಲು ಕಟ್ಟಿದ ಒಂದು ದಿನ, ಬಸ್ಸಿನಲ್ಲಿ ಕೂತು ಉತ್ತರವನ್ನು ಮೊಬೈಲಿಗೆ ಹೇಳಿಟ್ಟರು. ಬಂದವರಿಗೆ ಕೇಳಿಸಿದರಾಯಿತು ಎಂಬುದಷ್ಟೇ ಲೆಕ್ಕ.

"ಆ ಮೊದ್ಲನೇ ವಿಡಿಯೋನ ಐದು ಜನ ನೋಡಿದ್ರು. ಅದ್ರಲ್ಲಿ ಮೂರು ಸಲ ನಾನೇ" ಎನ್ನುತ್ತಾರೆ ಜಿನಶ್ರೀ.

ಮನೆಯಲ್ಲೇ ಕೂತು ಮಾಡಬಹುದಿತ್ತಲ್ಲ? ಆಗುವುದಿಲ್ಲ. ಪತಿ ಜಿನರಾಜ ಅವರ ಹಿಟ್ಟಿನ ಗಿರಣಿ ಮನೆಗೆ ಅಂಟಿಕೊಂಡಿದೆ. ಆ ಗಿರಣಿ ಶುರುವಾದರೆ ಸಿಗಂದೂರಿನ ಹಿನ್ನೀರಿನಲ್ಲಿ ಅಲೆ ಏಳುತ್ತದೆ. ಅದರ ಮುಂದೆ ಕೂತು ಟಿಡಿಎಸ್ ಎಂದರೆ ಕೇಳಿದವರಿಗೆ ಮೆಣಸಿನ ಪುಡಿ ಎಂದು ಕೇಳುತ್ತದೆ. ಹಾಗಾಗಿ ಬಸ್ಸೇ ಸ್ಟುಡಿಯೋ ಆಯಿತು. ಹೊಂಡ ಬಂದಾಗ ಬಿಂಬ ಕುಣಿಯುತ್ತದೆ, ತಿರುವಿನಲ್ಲಿ ಟ್ಯಾಕ್ಸಕ್ಕ ಅರ್ಧ ಮಾತ್ರ ಕಾಣುತ್ತಾರೆ, ಹಿನ್ನೆಲೆಯಲ್ಲಿ ಯಾರದೋ ಮಗು ಅಳುತ್ತದೆ. ಆದರೂ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಹುಡುಗರು ಅವರ ಬೆನ್ನಿಗೆ ಬಿದ್ದಿದ್ದಾರೆ. ದಿನಕ್ಕೆ ಬರುವ ಪ್ರಶ್ನೆ ಎಷ್ಟು ಎಂದರೆ ಪೂರ್ಣೇಶ್ ಲಕ್ಷ ಎನ್ನುತ್ತಾರೆ, ಜಿನಶ್ರೀ ಮೂವತ್ತು ನಲವತ್ತು ಎನ್ನುತ್ತಾರೆ. ಸತ್ಯ ಎರಡರ ನಡುವೆ, ಪೂರ್ಣೇಶ್ ಕಡೆಗೆ ವಾಲಿಕೊಂಡು ನಿಂತಿದೆ.

ಹೊಗಳುವವರಷ್ಟೇ ಚುಚ್ಚುವವರೂ ಇದ್ದಾರೆ. "ಟ್ಯಾಕ್ಸ್ ಕಟ್ಟಿ ಅಂತ ಹೇಳೋಕೆ ಸರ್ಕಾರ ಎಷ್ಟು ಕೊಡ್ತದೆ?" ಎಂದು ಹೊಸನಗರದಲ್ಲಿ ಒಬ್ಬ ಹಿರಿಯರು ಅಡ್ಡ ನಿಂತು ಕೇಳಿದ್ದರು. "ಕೊಟ್ರೆ ಅದಕ್ಕೂ ಟ್ಯಾಕ್ಸ್ ಕಟ್ಬೇಕಾಗ್ತದೆ ಅಂತ ತಗೊಳ್ತಿಲ್ಲ" ಎಂದು ಜಿನಶ್ರೀ ಬಸ್ಸು ಹತ್ತಿದ್ದರು. ಸಾಗರದಲ್ಲಿ ಕಾಲೇಜು ಹುಡುಗನೊಬ್ಬ, "ಅಕ್ಕಾ, ನನ್ನ ಜೇಬಲ್ಲಿ ಬಸ್ ಪಾಸ್ ಬಿಟ್ರೆ ಎಂತದೂ ಇಲ್ಲ. ನಂಗ್ಯಾಕೆ ಈ ಪುರಾಣ?" ಎಂದಿದ್ದ. ಅವನ ನೆತ್ತಿಯ ಮೇಲೆ ಕೂದಲು ಕತ್ತಿಯ ಹಾಗೆ ಎದ್ದು ನಿಂತಿತ್ತು. "ಆ ಜೆಲ್ಲಿಗೆ ಟ್ಯಾಕ್ಸ್ ಕಟ್ಟಿಯೇ ಬಂದಿದ್ದೀಯ ಮಗಾ. ನೀನು ಕಟ್ಟೋನೋ ಅಲ್ವೋ ಅನ್ನೋ ಪ್ರಶ್ನೆ ಅಲ್ಲಿಗೆ ಮುಗೀತು. ಗೊತ್ತಿದ್ದು ಕಟ್ತೀಯೋ, ಗೊತ್ತಿಲ್ದೆ ಕಟ್ತೀಯೋ, ಅಷ್ಟು ಹೇಳು." ಆ ಹುಡುಗ ಈಗ ಅವರ ಎಲ್ಲ ವಿಡಿಯೋಗಳಿಗೂ ಮೊದಲ ಚಪ್ಪಾಳೆಯವನು. ಜೆಲ್ಲು ಬಿಟ್ಟಿಲ್ಲ.

ಇಷ್ಟೆಲ್ಲ ಬಾಯಿಯಿರುವ ಟ್ಯಾಕ್ಸಕ್ಕ ಒಂದು ಕಡೆ ಮಾತ್ರ ಸೋತಿದ್ದರು. ಅದು ಹೆಸರಿನ ವಿಷಯ.

ಈ ಸೀಮೆಯಲ್ಲಿ ಹೆಸರು ಕೊಡುವುದೆಂದರೆ ನೀರು ಕೊಟ್ಟಷ್ಟೇ ಸಲೀಸು. ಸೊಸೈಟಿಯಲ್ಲಿ ಸದಸ್ಯತ್ವ ಇಲ್ಲದವರು ಇದ್ದವರ ಹೆಸರಿನಲ್ಲಿ ಅಡಿಕೆ ಹಾಕುತ್ತಾರೆ. ಆಚೆಮನೆಯ ಗ್ಯಾಸು ಈಚೆಮನೆಯ ಹೆಸರಿನಲ್ಲಿ ಬರುತ್ತದೆ. ಮೊಬೈಲಿನ ಸಿಮ್ಮು ಯಾರದೋ, ಮಾತಾಡುವವರು ಯಾರೋ. ಬೇಡಿದವರಿಗೆ ಹೆಸರು ಇಲ್ಲ ಎಂದವರ ಮನೆಯ ಮದುವೆಗೆ ಪಾತ್ರೆ ಎತ್ತಿಕೊಡಲೂ ಜನ ಬರುವುದಿಲ್ಲ. ಅಜ್ಜಂದಿರ ಕಾಲಕ್ಕೆ ಅದು ಹೊಂದಿಕೊಂಡು ಹೋಗಿತ್ತು. ಈಗ ಹೆಸರಿಗೆ ಪ್ಯಾನು ಅಂಟಿದೆ, ಪ್ಯಾನಿಗೆ ಆಧಾರ್ ಅಂಟಿದೆ, ಆಧಾರಿಗೆ ಬೆರಳು ಅಂಟಿದೆ. ಹಳೆಯ ಔದಾರ್ಯ ಮಾತ್ರ ಹಾಗೇ ಇದೆ. ಅದನ್ನು ಬಲ್ಲ ಕೆಲವರು ಕಾಲೇಜಿನ ಮಕ್ಕಳ ಹೆಸರಿನಲ್ಲಿ ಕಾಗದದ ಅಂಗಡಿ ತೆರೆಸುತ್ತಾರೆ. ಮಗು ಕಣ್ಣಲ್ಲೂ ಕಾಣದ ಸರಕಿಗೆ ಆ ಅಂಗಡಿಯ ಬಿಲ್ಲು ಹರಿಯುತ್ತದೆ. ತೆರಿಗೆ ಕಟ್ಟದೆ ಬಾಗಿಲು ಹಾಕಿದ ಮೇಲೆ ಇಲಾಖೆ ಹುಡುಕಿಕೊಂಡು ಬರುವುದು ಅಂಗಡಿ ಯಾರ ಹೆಸರಿನಲ್ಲಿದೆಯೋ ಅವರನ್ನು.

ಇದರ ಮೇಲೆ ಜಿನಶ್ರೀ ಏಳು ವಿಡಿಯೋ ಮಾಡಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದೂ ಅವನ್ನೇ, ನೋಡಿ ಮರೆತದ್ದೂ ಅವನ್ನೇ. "ಎಲ್ರೂ ಸೂಪರ್ ಅಕ್ಕಾ ಅಂತ ಬರೀತಾರೆ. ಸಂಜೆ ಮನೆಗೆ ಬಂದ ಮಾವಂಗೆ ಪ್ಯಾನಿನ ಜೆರಾಕ್ಸ್ ತೆಗ್ದು ಕೊಡ್ತಾರೆ. ಯಾಕೆ ಅಂತ ನಂಗೆ ತಿಳೀತಿರ್ಲಿಲ್ಲ. ಕಾನೂನು ಇನ್ನೂ ಸರಿಯಾಗಿ ಹೇಳ್ಬೇಕೇನೋ ಅಂದ್ಕೊಂಡಿದ್ದೆ."

ಬಸ್ಸು ದಿಬ್ಬದ ಕ್ರಾಸಿಗೆ ಹತ್ತುತ್ತದೆ. ಫೋನಿನಲ್ಲಿ ಗೆರೆಗಳು ಏಳುತ್ತವೆ. ಜಿನಶ್ರೀ ಸಿಂಚನಾಳಿಗೆ ಮಾಡುತ್ತಾರೆ. ಗಂಟೆ ಬಡಿದು ಬಡಿದು ಸುಮ್ಮನಾಗುತ್ತದೆ. ಮತ್ತೊಮ್ಮೆ. ಈ ಸಲ ಆ ಕಡೆಯಿಂದ ಕತ್ತರಿಸುತ್ತಾರೆ. ವಿಜಯಲಕ್ಷ್ಮೀಯವರಿಗೆ ಮಾಡುತ್ತಾರೆ. (ಈ ಮನೆಯವರ ಮತ್ತು ಮುಂದೆ ಬರುವ ಯಜಮಾನರ ಹೆಸರುಗಳನ್ನು ಇಲ್ಲಿ ಬದಲಿಸಿದೆ. ಊರಿನವರಿಗೆ ಗೊತ್ತಾಗೇ ಆಗುತ್ತದೆ, ಅದು ಬೇರೆ ಮಾತು.)

"ಅಕ್ಕಾ, ಸಿಂಚನಾ ಎಲ್ಲಿ?"

"ಶೇಷಪ್ಪಣ್ಣನ ಕಾರಲ್ಲಿ ಶಿವಮೊಗ್ಗಕ್ಕೆ ಹೋಗ್ತಿದ್ದಾಳೆ. ಅದೆಂತದೋ ಬೆರಳು ಒತ್ಬೇಕಂತೆ. ತೀರ್ಥಹಳ್ಳೀಲಿ ತಿಂಡಿ ತಿನ್ಸಿ, ಈಗಷ್ಟೇ ಹೊರಟ್ರಂತೆ. ಎಂತಕ್ಕೆ?"

"ಅಕ್ಕಾ, ಬೇಡ ಅನ್ನು. ಈಗ್ಲೇ ಫೋನ್ ಮಾಡು. ಅವಳ ಹೆಸ್ರಲ್ಲಿ ಜಿಎಸ್‌ಟಿ ಮಾಡಿಸ್ತಿದ್ದಾರೆ. ಮುಂದೆ ಬ್ಯಾಂಕ್ ಪರೀಕ್ಷೆ ಬರೀಬೇಕಾದ ಹುಡುಗಿ..."

"ಗೊತ್ತುಂಟು. ಒಂದು ಅಂಗಡಿ ಹೆಸರಿಗೆ ಅಂತ ಅವರೇ ಹೇಳಿದ್ದಾರೆ." ವಿಜಯಲಕ್ಷ್ಮೀಯವರ ದನಿ ಗಟ್ಟಿಯಾಗುತ್ತದೆ. "ಹೋದ ವರ್ಷ ನಂಗೆ ಎದೆ ಹಿಡ್ಕೊಂಡಾಗ ಆ ಮನುಷ್ಯ ಕಾರು ತೆಗ್ದು ಮಣಿಪಾಲಕ್ಕೆ ಓಡಿಸದಿದ್ರೆ ನಾನಿವತ್ತು ಗೋಡೆ ಮೇಲೆ ಫೋಟೋ ಆಗಿರ್ತಿದ್ದೆ. ಅವರು ಬಾಯಿ ತೆರೆದು ಕೇಳಿದ್ದು ಇದೊಂದು. ನೀನು ಮೊಬೈಲಲ್ಲಿ ಊರಿಗೆಲ್ಲ ಬುದ್ಧಿ ಹೇಳು ಮಾರಾಯ್ತಿ. ನನ್ನ ಮನೆಗೆ ಬರ್ಬೇಡ."

ಫೋನ್ ಇಟ್ಟ ಸದ್ದು.

ಇಲ್ಲಿ ಶೇಷಪ್ಪನವರ ಬಗ್ಗೆ ಒಂದು ಮಾತು ಹೇಳಬೇಕು. ಅಡಿಕೆ ಖರೀದಿಯ ಈ ಮನುಷ್ಯ ಮೀಸೆ ತಿರುವುವವರಲ್ಲ, ಗದರಿಸುವವರಲ್ಲ. ಮೂರು ತಾಲ್ಲೂಕಿನಲ್ಲಿ ಅವರಷ್ಟು ಮೆತ್ತಗೆ ಮಾತಾಡುವ ಪ್ರಾಣಿ ಇನ್ನೊಂದಿಲ್ಲ, ಅವರೆದುರು ಬೆಣ್ಣೆ ಕೂಡ ಒರಟು. ಯಾರ ಮನೆಯ ಕಷ್ಟಕ್ಕೂ ಅವರ ಕಾರು ಮೊದಲು ನಿಲ್ಲುತ್ತದೆ. ಅಂಥವರಿಗೆ ಇಪ್ಪತ್ತೊಂದರ ಹುಡುಗಿ ಏನೆಂದು ಬೇಡ ಹೇಳುತ್ತಾಳೆ?

ಜಿನಶ್ರೀ ಕಿಟಕಿಯಾಚೆ ನೋಡುತ್ತಾರೆ. ಫೋನಿನ ಪಕ್ಕದಲ್ಲೇ ಶೇಷಪ್ಪ ಕೂತಿದ್ದಾರೆ, ಹುಡುಗಿ ಎತ್ತುವುದಿಲ್ಲ. ಬರೆದರೆ ಓದಿ ಅಳಿಸುತ್ತಾಳೆ. ಆದರೆ ಚಿಕ್ಕಿ ಲೈವ್ ಬಂದರೆ ಸಿಂಚನಾ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಯಾದರೂ ನೋಡುತ್ತಾಳೆ. ಯಾರ ಹೆಸರನ್ನೂ ಎತ್ತುವ ಹಾಗಿಲ್ಲ. ಎತ್ತಿದರೆ ಹುಡುಗಿಯ ಮಾನ, ಮನೆಯ ಮಾನ ಎರಡೂ ಹೋಯಿತು.

"ಪೂರ್ಣೇಶಾ, ಬಸ್ ಇಲ್ಲೇ ಸ್ವಲ್ಪ ನಿಲ್ಸು. ಕೆಳಗೆ ಇಳಿದ್ರೆ ನೆಟ್ ಹೋಗ್ತದೆ."

"ಅಕ್ಕಾ, ಟೈಮಿಂಗ್ಸು! ಹಿಂದಿನ ಬಸ್ಸಿನೋರು ನನ್ನ ಚರ್ಮ ಸುಲೀತಾರೆ."

"ಸುಲೀಲಿ. ನಾನು ಹೊಲಿಸ್ಕೊಡ್ತೀನಿ."

ಭೂತಪ್ಪ ಹ್ಯಾಂಡ್ ಬ್ರೇಕ್ ಎಳೆಯುತ್ತಾರೆ. ಕೋರ್ಟಿಗೆ ಹೊರಟಿದ್ದ ಒಬ್ಬರು ವಾಯಿದೆ ತಪ್ಪುತ್ತದೆ ಎಂದು ಎದ್ದು ನಿಲ್ಲುತ್ತಾರೆ. ಜಿನಶ್ರೀ ಲೈವ್ ಒತ್ತುತ್ತಾರೆ. ಒಬ್ಬೊಬ್ಬರೇ ಸೇರತೊಡಗುತ್ತಾರೆ. ಸಾಗರದ ಜೆಲ್ಲಿನ ಹುಡುಗ ಬರುತ್ತಾನೆ, ಹೊಸನಗರದ ನಾಲ್ಕೈದು ಹುಡುಗಿಯರು ಬರುತ್ತಾರೆ. ಸಿಂಚನಾ ಬರುವುದಿಲ್ಲ. ಜಿನಶ್ರೀ ಏನೇನೋ ಹೇಳುತ್ತ ಹೊತ್ತು ತಳ್ಳುತ್ತಾರೆ. ಕೊನೆಗೆ ಪರದೆಯ ಮೂಲೆಯಲ್ಲಿ ಆ ಹೆಸರು ಮೂಡುತ್ತದೆ. ಬಸ್ಸಿನ ಟಯರು ಕೂಡ ಉಸಿರು ಹಿಡಿಯುತ್ತದೆ.

"ಮಕ್ಕಳೇ, ಇವತ್ತು ಸೆಕ್ಷನ್ನು ಗಿಕ್ಷನ್ನು ಬೇಡ. ನಿಮ್ಮ ಮನೆಗೆ ಒಬ್ರು ಮಾಮ ಬಂದ್ರು. ಒಳ್ಳೇವ್ರು. ನಿನ್ನ ಹೆಸ್ರಲ್ಲಿ ಒಂದು ಅಂಗಡಿ ಮಾಡ್ತೀನಿ, ಹೆಬ್ಬೆಟ್ಟು ಕೊಡು ಅಂದ್ರು. ಹೆಂಗೆ ಬೇಡ ಅನ್ನೋದು? ಪೂರ್ಣೇಶ, ಬಾ. ನೀನು ಮಾಮ. ನಾನು ಮಗು. ಕೇಳು ನನ್ನ ಹತ್ರ."

ಪೂರ್ಣೇಶ್ ಟಿಕೆಟಿನ ಮಶಿನ್ನು ಕೆಳಗಿಟ್ಟು ಮುಖ ಒರೆಸಿಕೊಂಡು ಮಾಮ ಆಗುತ್ತಾರೆ. ಆಗುವುದೆಂದರೆ ಎಂಥ ಆಗುವುದು! ಆ ಗಳಿಗೆಯಲ್ಲಿ ನೋಡಿದ್ದರೆ ಸ್ವಂತ ಅಮ್ಮನೇ ಇವನು ನನ್ನ ಮಗನಲ್ಲ ಎಂದು ಸಹಿ ಹಾಕಿಕೊಡುತ್ತಿದ್ದರು.

"ಎಂತ ಪುಟ್ಟಿ, ಒಂದು ಬೆರಳಿಗೆ ಇಷ್ಟು ಯೋಚನೆಯಾ? ಸವೆದು ಹೋಗ್ತದಾ?"

"ಮಾಮ, ಬಿಲ್ಲಿನ ಟ್ಯಾಕ್ಸು ನನ್ನ ತಲೆ ಮೇಲೆ ಬರ್ತದೆ."

"ನಾನಿದ್ದೀನಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಉಂಟು ಮಾಮ. ಇಲಾಖೆಗೆ ನೀವ್ಯಾರು ಅಂತ ಗೊತ್ತಿಲ್ವಲ್ಲ. ಅವ್ರ ಕಣ್ಣಿಗೆ ಅಂಗಡಿ ನನ್ನದು."

ಬಸ್ಸಿನಲ್ಲಿ ಚಪ್ಪಾಳೆ. ಪೂರ್ಣೇಶ್ ಸೋಲುವ ಜಾತಿಯವರಲ್ಲ. ಫೋನಿನಲ್ಲಿ ವಿಜಯಲಕ್ಷ್ಮೀಯವರು ಗಟ್ಟಿಯಾಗಿ ಆಡಿದ ಮಾತುಗಳು ಮುಂದಿನ ಸೀಟಿನವರೆಗೂ ಕೇಳಿಸಿದ್ದವು. ಅವರು ದನಿ ಇಳಿಸಿ, ತೀರಾ ಮೆತ್ತಗೆ ಕೇಳುತ್ತಾರೆ:

"ಆಯ್ತು ಪುಟ್ಟಿ. ನಿಮ್ಮಮ್ಮನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದಾಗ ನಾನು ನಿನ್ನ ಹತ್ರ ಏನಾದ್ರೂ ಕೇಳಿದ್ನಾ?"

ಜಿನಶ್ರೀ ಬಾಯಿ ತೆರೆಯುತ್ತಾರೆ. ಮಾತು ಬರುವುದಿಲ್ಲ.

ಏಳು ವಿಡಿಯೋ, ಸಾವಿರಾರು ಪ್ರಶ್ನೆ, ಮೂರು ತಾಲ್ಲೂಕಿನ ಧೂಳು, ಯಾವುದರಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಸೂಜಿ ಬಿದ್ದರೆ ಶಿವಮೊಗ್ಗದಲ್ಲಿ ಕೇಳಿಸುವ ಹಾಗಿದೆ. ಕೋರ್ಟಿಗೆ ಹೊರಟವರು ವಾಯಿದೆ ಮರೆತು ನಿಂತಿದ್ದಾರೆ. "ಅಕ್ಕಾ ಹೇಳಿ", "ಅಕ್ಕಾ ಏನಾಯ್ತು" ಎಂದು ಪರದೆಯ ಮೇಲೆ ಸಾಲುಗಳು ಓಡುತ್ತಿವೆ. ಕಡೆಗೂ ಅವರು ಹೇಳಿದ್ದು ಇಷ್ಟು: "ಮಾಮ... ಅದು ಕಾನೂನಿಗೆ ಒಪ್ಪಲ್ಲ."

ಹೇಳಿದವರಿಗೇ ಅದು ಒಪ್ಪಿಗೆಯಾಗಲಿಲ್ಲ. ಮೂಲೆಯಲ್ಲಿ ನೋಡುತ್ತಾರೆ. ಸಿಂಚನಾಳ ಹೆಸರು ಇಲ್ಲ. ಯಾವಾಗ ಹೋಯಿತೋ ಗೊತ್ತಿಲ್ಲ. ಹಿಂದಿನ ಬಸ್ಸು ಬಂದು ದಿಬ್ಬ ಅದುರುವ ಹಾಗೆ ಹಾರನ್ ಹೊಡೆಯುತ್ತದೆ. ಭೂತಪ್ಪ ಗೇರು ಹಾಕುತ್ತಾರೆ.

ತೀರ್ಥಹಳ್ಳಿಯ ತನಕ ಪೂರ್ಣೇಶ್ ಕೊನೆ ಸೀಟಿನ ಕಡೆ ತಲೆ ಎತ್ತಿ ನೋಡುವುದಿಲ್ಲ. ಇಳಿಯುವಾಗ ಮಾತ್ರ, "ನಾನು ಹಂಗೆ ಕೇಳಬಾರ್ದಿತ್ತಾ ಅಕ್ಕಾ?" ಎನ್ನುತ್ತಾರೆ.

"ಕೇಳಬೇಕಿತ್ತು. ಅವರೂ ಅದನ್ನೇ ಕೇಳ್ತಾರೆ" ಎಂದು ಜಿನಶ್ರೀ ಕಚೇರಿಯ ಕಡೆ ನಡೆಯುತ್ತಾರೆ.

ಕಚೇರಿಯಲ್ಲಿ ರಿಟರ್ನಿನ ಹಂಗಾಮು. ಬಾಗಿಲಿನಿಂದ ತುಂಗೆಯ ಸೇತುವೆವರೆಗೆ ಸಾಲು ಎಂದರೆ ಒಂದೆರಡು ಜನ ಕಡಿಮೆ ಇರಬಹುದು. ಶ್ರೀನಾಥ್ ಆಗಲೇ ಲೈವಿನ ಸುದ್ದಿ ಕೇಳಿದ್ದಾರೆ. "ಜಿನಶ್ರೀ, ನಿನ್ನ ವಿಡಿಯೋದಿಂದ ನನಗೆ ಹತ್ತು ಜನ ಬರ್ತಾರೆ, ಹತ್ತು ಜನ ಹೋಗ್ತಾರೆ. ಹೋಗೋರು ಬೇರೆಯೋರ ಹೆಸ್ರಲ್ಲಿ ಬಿಲ್ಲು ಹರಿಯೋರು ಅಂತ ನಂಗೂ ಗೊತ್ತು, ನೀನು ನಿಲ್ಲಿಸ್ಬೇಡ. ಆದ್ರೆ ಇವತ್ತು ನಿನ್ನ ಗಮನ ಇಲ್ಲಿಲ್ಲ. ಯಾರ ಫೈಲನ್ನೂ ಮುಟ್ಬೇಡ" ಎಂದು ಒಂದು ಕುರ್ಚಿ ತೋರಿಸುತ್ತಾರೆ. ಜಿನಶ್ರೀ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಬೆರಳೊತ್ತಿಸಿಕೊಳ್ಳುವ ಶಿವಮೊಗ್ಗದ ಜಿಎಸ್‌ಟಿ ಕೇಂದ್ರ ತೆರೆದಿರುತ್ತದೆ ಈಗ. ಯಂತ್ರದ ಮೇಲೆ ಬೆರಳಿಡಲು ಎಷ್ಟು ಹೊತ್ತು ಬೇಕು? ಟೀ ಬರುತ್ತದೆ. ಆರುತ್ತದೆ. ಇನ್ನೊಂದು ಬರುತ್ತದೆ, ಅದೂ ಆರುತ್ತದೆ.

ಬಿಸಿಲು ಮೇಜಿನ ಮೇಲೆ ಹತ್ತಿದ ಮೇಲೆ ಮಡಿಲಿನ ಫೋನ್ ನಡುಗುತ್ತದೆ.

"ಚಿಕ್ಕಿ, ನಾನು ಮಂಡಗದ್ದೇಲಿದ್ದೀನಿ. ಆಗ್ಲಿಂದ ಇಲ್ಲೇ ಹೊಳೆ ದಂಡೇಲಿ ಕೂತಿದ್ದೆ. ತೀರ್ಥಹಳ್ಳಿ ಕಡೆ ಬಸ್ ಎಷ್ಟೊತ್ತಿಗೆ ಬರ್ತದೆ?"

"ಒಬ್ಳೇನಾ? ಬೆರಳು?"

"ಬೆರಳು ನನ್ನ ಹತ್ರವೇ ಉಂಟು." ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದು. ಹಿಂದೆ ತುಂಗೆಯ ನಡುಗಡ್ಡೆಯ ಹಕ್ಕಿಗಳ ಗಲಾಟೆ, ಹುಡುಗಿಯ ಮಾತಿಗಿಂತ ಅವುಗಳದ್ದೇ ಹೆಚ್ಚು ಕೇಳಿಸುತ್ತದೆ. "ಚಿಕ್ಕಿ, ಆ ಕಂಡಕ್ಟರಣ್ಣ ಆಸ್ಪತ್ರೆ ಪ್ರಶ್ನೆ ಕೇಳಿದ್ರಲ್ಲ, ನೀನು ಸುಮ್ನಾದೆ. ಅಷ್ಟೊತ್ತಿಗೆ ಕಾಡು ಬಂತು, ನೆಟ್ ಹೋಯ್ತು. ಉತ್ರ ಕೇಳಿಸ್ಲಿಲ್ಲ. ಶೇಷಪ್ಪ ಮಾಮ ಎಂತ ನೋಡ್ತಿದ್ದೀ ಅಂದ್ರು. ಚಿಕ್ಕಿ ಲೈವ್ ಅಂದೆ. 'ನಿಮ್ಮ ಚಿಕ್ಕಿ ಚೆನ್ನಾಗಿ ನಾಟಕ ಮಾಡ್ತಾಳೆ' ಅಂತ ನಕ್ರು. ಇನ್ನು ಯಾರೂ ಹೇಳ್ಕೊಡೋರಿಲ್ಲ ಅಂತ ಗೊತ್ತಾಯ್ತು. ನಾನೇ ಹೇಳ್ದೆ."

"ಏನಂದೆ?"

"'ಮಾಮ, ನಾಳೆ ನಿಮಗೆ ಏನಾದ್ರೂ ಆದ್ರೆ ನಿಮ್ಮ ಮಂಚದ ಪಕ್ಕ ಕೂರೋಳು ನಾನೇ. ಎಷ್ಟು ದಿನ ಅಂದ್ರೆ ಅಷ್ಟು ದಿನ, ರಾತ್ರಿ ಹಗಲು. ನೀವು ನಮಗೆ ಮಾಡಿದ್ದು ಅದು, ನಾನು ವಾಪಸ್ ಕೊಡೋದೂ ಅದನ್ನೇ. ಹೆಬ್ಬೆಟ್ಟು ಕೊಟ್ರೆ ಅಮ್ಮನ ಜೀವಕ್ಕೆ ನೀವು ಬಾಡಿಗೆ ತಗೊಂಡ ಹಾಗಾಗ್ತದೆ. ನಿಮ್ಮನ್ನ ಅಂಥವರು ಅಂತ ಅಂದ್ಕೊಳ್ಳೋಕೆ ನಂಗೆ ಇಷ್ಟ ಇಲ್ಲ' ಅಂದೆ ಚಿಕ್ಕಿ."

ಶೇಷಪ್ಪ ರಸ್ತೆಯಿಂದ ಕಣ್ಣು ಕೀಳಲಿಲ್ಲವಂತೆ. ಒಂದು ತಿರುವು, ಇನ್ನೊಂದು ತಿರುವು, ಕಾರು ಓಡುತ್ತಲೇ ಇತ್ತು. ಬಾಗಿಲಿನ ಲಾಕು ಬಿದ್ದೇ ಇತ್ತು. ಸಿಂಚನಾ ಎರಡೂ ಕೈಯನ್ನು ಮುಷ್ಟಿ ಮಾಡಿ, ಹೆಬ್ಬೆರಳನ್ನು ಒಳಗೆ ಬಚ್ಚಿಟ್ಟುಕೊಂಡು ಕೂತಿದ್ದಳಂತೆ. ಮಂಡಗದ್ದೆಯಲ್ಲಿ ಕಾರು ನಿಂತಿತು. ಲಾಕು ಟಕ್ ಎಂದು ತೆರೆಯಿತು. "ನಿಮ್ಮಮ್ಮಂಗೆ ನಾನೇ ಫೋನ್ ಮಾಡ್ತೀನಿ" ಎಂದರು, ಅದೇ ಮೆತ್ತಗಿನ ದನಿಯಲ್ಲಿ.

ಕಚೇರಿಯಲ್ಲಿ ಕುರ್ಚಿ ಸರಿಸಿ ಎದ್ದ ಜಿನಶ್ರೀ ಸಾಲಿನಲ್ಲಿದ್ದವರೆಲ್ಲರ ಮುಂದೆ ಒಂದು ಬಾರಿ ನಕ್ಕರು. ಆ ನಗುವಿಗೆ ಶ್ರೀನಾಥರ ಕಂಪ್ಯೂಟರಿನಲ್ಲಿ ಬೆಳಗಿನಿಂದ ಸುತ್ತುತ್ತಿದ್ದ ಪೋರ್ಟಲ್ಲು ತಾನಾಗಿ ತೆರೆದುಕೊಂಡಿತು ಎನ್ನುತ್ತಾರೆ. ನಂಬುವವರು ನಂಬಲಿ.

"ಸಿಂಚೂ, ನೀನು ಹೇಳಿದ ಮಾತನ್ನ ಒಂದು ವಿಡಿಯೋ ಮಾಡ್ಲಾ? ನಿನ್ನ ಹೆಸರು ಹಾಕ್ಲಾ?"

"ಮಾತು ತಗೋ. ಹೆಸರು ಕೊಡಲ್ಲ. ನೀನೇ ಕಲಿಸಿದ್ದು."

ಅಂದಿನಿಂದ ಟ್ಯಾಕ್ಸಕ್ಕನ ಪಾಠದ ರೀತಿ ಬದಲಾಗಿದೆ. ಅರ್ಧ ಕಾನೂನು, ಅರ್ಧ ತಾಲೀಮು. ಪೂರ್ಣೇಶ್ ದಿನಕ್ಕೊಂದು ಮಾಮ, ದಿನಕ್ಕೊಂದು ಅತ್ತೆ, ಒಮ್ಮೊಮ್ಮೆ ಬಾಲ್ಯದ ಗೆಳೆಯ. ಬಸ್ಸಿನಲ್ಲಿದ್ದ ಕಾಲೇಜಿನವರು ಸರದಿಯಲ್ಲಿ ಬೇಡ ಎನ್ನುವುದನ್ನು ಕಲಿಯುತ್ತಾರೆ. ಹೊಸನಗರದ ರಕ್ಷಾ ಎಂಬ ಹುಡುಗಿ ಬೇಡ ಎಂದ ಗಡಸಿಗೆ ಪೂರ್ಣೇಶ್ ನಿಜಕ್ಕೂ ಹೆದರಿ ಎರಡು ಸ್ಟಾಪಿನ ಟಿಕೆಟ್ ಕೇಳುವುದನ್ನೇ ಮರೆತರು. "ಇಷ್ಟು ವರ್ಷ ಮಕ್ಕಳಿಗೆ ಕಾನೂನು ಗೊತ್ತಿಲ್ಲ ಅಂದ್ಕೊಂಡಿದ್ದೆ. ಗೊತ್ತಿತ್ತು. ಒಳ್ಳೆಯವರ ಎದುರು ಕೂತು ಹೆಂಗೆ ಹೇಳೋದು ಅಂತ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ" ಎನ್ನುತ್ತಾರೆ ಜಿನಶ್ರೀ.

ಶೇಷಪ್ಪ ಹೇಳಿದಂತೆ ಅಂದು ಸಂಜೆ ಫೋನ್ ಮಾಡಿದ್ದರು. ಒಂದು ಕೆಟ್ಟ ಮಾತು ಆಡಲಿಲ್ಲ. "ನಿಮ್ಮ ಮಗಳಿಗೆ ನನ್ನ ಮೇಲೆ ನಂಬಿಕೆ ಸಾಲಲಿಲ್ಲ ತಂಗಿ" ಎಂದರಂತೆ, ಅಷ್ಟೇ. ಆ ಒಂದು ಮಾತಿಗೆ ವಿಜಯಲಕ್ಷ್ಮೀಯವರು ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಮಗಳ ಜೊತೆ ಈಗ ಮಾತುಂಟು. ಜಿನಶ್ರೀ ಜೊತೆ ಇಲ್ಲ. ಬಸದಿಯಲ್ಲಿ ಎದುರಾದರೆ ಕಂಬದ ಹಿಂದೆ ಸರಿಯುತ್ತಾರೆ. ಹಬ್ಬಕ್ಕೆ ಕಳಿಸಿದ ಉಂಡೆಯ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ ಬಂದಿದೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಇಬ್ಬರೂ.

ಇಷ್ಟು ಹೆಸರು ಮಾಡಿದ ಮೇಲೆ ಮುಂದಿನ ಆಸೆ ಏನು ಎಂದು ಕೇಳಿದರೆ ಪೂರ್ಣೇಶ್ ಬಾಯಿ ಹಾಕುತ್ತಾರೆ. "ಅಕ್ಕಂಗೆ ದಿಲ್ಲಿಯಿಂದ ಕರೆ ಬರ್ಬೇಕು, ಬಜೆಟ್ ಓದೋಕೆ!" ಜಿನಶ್ರೀ ಅವರನ್ನು ಮುಂದಿನ ಬಾಗಿಲಿಗೆ ಅಟ್ಟುತ್ತಾರೆ. ರಬ್ಬರ್ ಬ್ಯಾಂಡು ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ.

"ವಿಜಯಕ್ಕ ಒಂದು ಸಲ ಫೋನ್ ಮಾಡ್ಲಿ. ಬೈಯೋಕಾದ್ರೂ ಮಾಡ್ಲಿ. ಎಷ್ಟು ಬೈದ್ರೂ ಕೇಳಿಸ್ಕೊಳ್ತೀನಿ, ನಡುವೆ ಒಂದು ಮಾತು ಆಡಲ್ಲ. ಅವಳು ಸುಸ್ತಾಗಿ ನಿಲ್ಲಿಸಿದ ಮೇಲೆ, 'ನಿನ್ನ ಮಗಳು ಗಟ್ಟಿ ಅಕ್ಕಾ, ನಂಗಿಂತ ಗಟ್ಟಿ' ಅಂತ ಅಷ್ಟೇ ಹೇಳಿ ಇಟ್ಬಿಡ್ತೀನಿ."